ಹಂಚಿನ ಮನೆ, 4ಜಿ ರೌಟರ್, 2018ರ ಮೈನ್‌ಕ್ರಾಫ್ಟ್ ಊರು

ಕೆಲಸ ಇಷ್ಟು. ಸಾಗರದ ಹತ್ತಿರ ಅಕ್ಕನ ಮನೆ. ಅಡಿಕೆ ತೋಟದ ಮಧ್ಯೆ ಹಂಚಿನ ಮಾಡು, ಫೈಬರ್ ಲೈನ್ ಅಲ್ಲಿಗೆ ಇನ್ನೂ ಬಂದಿಲ್ಲ. ಇಂಟರ್ನೆಟ್ ಅಂದ್ರೆ ಸಿಮ್ ಹಾಕುವ ಒಂದು 4ಜಿ ರೌಟರ್, ಅಷ್ಟೇ. ಅಕ್ಕನ ಇಬ್ಬರು ಗಂಡುಮಕ್ಕಳು, ಬೆಂಗಳೂರಿನ ನನ್ನ ಮಗಳು, ಮೂವರೂ ಸೇರಿ 2018ರ ಬೇಸಿಗೆ ರಜೆಯಲ್ಲಿ ಮೈನ್‌ಕ್ರಾಫ್ಟ್ ಅನ್ನುವ, ಇಟ್ಟಿಗೆ ಜೋಡಿಸಿ ಕಟ್ಟುವ ಕಂಪ್ಯೂಟರ್ ಗೇಮ್‌ನಲ್ಲಿ ಒಂದು ಊರು ಕಟ್ಟಿದ್ದರು. ಮುಂದಿನ ರಜೆಗಳಲ್ಲೂ ಅದೇ ಆಟ. ಆಮೇಲೆ ಕಂಪ್ಯೂಟರ್ ಕೆಟ್ಟಿತು, ಊರೂ ನಿಂತಿತು. ಈಗ ಮೂವರೂ ಕಾಲೇಜಿನ ಆಸುಪಾಸಿನವರು. ಆ ಊರು ಮತ್ತೆ ಬೇಕಂತೆ. ಅದೂ ಅವರವರ ಮನೆಯಿಂದಲೇ ಒಟ್ಟಿಗೆ ಆಡುವ ಹಾಗೆ.

ಕೈಯಲ್ಲಿ ಏನಿತ್ತು? ಭಾವನ ಹಳೆಯ ಡೆಸ್ಕ್‌ಟಾಪಿನಿಂದ ಬಿಚ್ಚಿದ ಹಾರ್ಡ್ ಡಿಸ್ಕ್, ಅದರಲ್ಲಿ ಮೈನ್‌ಕ್ರಾಫ್ಟ್ ಫೋಲ್ಡರ್. ಸರ್ವರ್, ಅಂದರೆ ಎಲ್ಲರೂ ಬಂದು ಸೇರುವ ಆಟ ನಡೆಸುವ ಕಂಪ್ಯೂಟರ್, ಮಾಡಲು 8 ಜಿಬಿ ರ‍್ಯಾಮಿನ ಒಂದು ಲ್ಯಾಪ್‌ಟಾಪ್. ಮೇಲೆ ಹೇಳಿದ ರೌಟರ್. ಜೊತೆಗೆ ನಾನು ಬೇರೆ ಕೆಲಸಕ್ಕೆ ಬಾಡಿಗೆಗೆ ಇಟ್ಟುಕೊಂಡಿರುವ ಮುಂಬೈ ಡೇಟಾ ಸೆಂಟರಿನ ಪುಟ್ಟ ಸರ್ವರ್, 1 ಜಿಬಿ ರ‍್ಯಾಮಿನದು.

ರಿಪೇರಿ ಎರಡು ಕಡೆ ಇರುವಾಗ ನನ್ನದು ಒಂದೇ ಹಟ. ಒಂದು ಪೂರ್ತಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ. ಹಳೆಯ ಮಾಡ್ (ಗೇಮ್‌ಗೆ ಹೊಸ ಸಾಮಾನು ಸೇರಿಸುವ ಪ್ರೋಗ್ರಾಂ) ಕೈಕೊಟ್ಟರೂ ಸರ್ವರ್‌ಗೆ ಸೇರಲು ಆಗುವುದಿಲ್ಲ, ನೆಟ್‌ವರ್ಕ್ ಕೈಕೊಟ್ಟರೂ ಆಗುವುದಿಲ್ಲ. ಆಡುವವರ ಕಣ್ಣಿಗೆ ಎರಡೂ ಒಂದೇ: "ಮಾಮಾ, ಬರ್ತಾ ಇಲ್ಲ." ಅದಕ್ಕೇ ಮೊದಲು ಮಾಡ್‌ಗಳು, ಅದೂ ಮನೆಯೊಳಗಿನ ವೈಫೈ ಮೇಲೆ ಮಾತ್ರ.

ಮಾಡ್‌ಗಳ ಕಡೆ

ಆ ಊರು ಇದ್ದದ್ದು 1.12.2 ಆವೃತ್ತಿಯಲ್ಲಿ, ಮಾಡ್‌ಗಳನ್ನು ಓಡಿಸುವ ಫೋರ್ಜ್ ಮೇಲೆ. ಮೈನ್‌ಕ್ರಾಫ್ಟ್ 1.12.2 ಬಂದದ್ದು 2017ರ ಸೆಪ್ಟೆಂಬರ್ 18ರಂದು. ಮೂರೇ ದಿನ ಬಿಟ್ಟು, 21ಕ್ಕೆ, ಜಾವಾ 9 ಬಂತು. ಜಾವಾ ಅಂದರೆ ಈ ಗೇಮ್ ಓಡಲು ಬೇಕಾದ ಸಾಫ್ಟ್‌ವೇರ್. ಅರ್ಧ ಗೋಳು ಇಲ್ಲೇ ಶುರು. ಆ ಕಾಲದ ಫೋರ್ಜ್ ಬರೆದದ್ದು ಜಾವಾ 8ನ್ನು ನಂಬಿಕೊಂಡು. ಜಾವಾ 9ರಲ್ಲಿ ಕ್ಲಾಸ್‌ಗಳನ್ನು, ಅಂದರೆ ಪ್ರೋಗ್ರಾಂನ ತುಣುಕುಗಳನ್ನು, ಲೋಡ್ ಮಾಡುವ ಒಳಗಿನ ರೀತಿಯೇ ಬದಲಾಯಿತು. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಜಾವಾ 17. ಸರ್ವರ್ ಶುರು ಮಾಡಿದರೆ ಕಪ್ಪು ಕಿಟಕಿ ಮಿಂಚಿ ಮಾಯ. ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್ ತೆರೆದರೆ 'ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್', ಅದೇ ಸಾಲಿನಲ್ಲಿ 'ಯುಆರ್‌ಎಲ್ ಕ್ಲಾಸ್‌ಲೋಡರ್'. ಈ ಎರಡು ಪದ ಒಟ್ಟಿಗೆ ಕಂಡರೆ ಮಾಡ್‌ಗಳನ್ನು ಬಯ್ಯಬೇಡಿ. ಜಾವಾ ಬದಲಿಸಿ, ಸಾಕು.

ಟೆಮುರಿನ್ ಹೆಸರಿನ ಜಾವಾ 8 ಹಾಕಿದೆ. ಇದರಲ್ಲಿ 64 ಬಿಟ್ ಆವೃತ್ತಿಯೇ ಬೇಕು. 32 ಬಿಟ್‌ನದು ಹಾಕಿ ಗೇಮ್‌ಗೆ 4 ಜಿಬಿ ಕೊಡಿ ಅಂದರೆ ಅಷ್ಟು ಆಗುವುದಿಲ್ಲ ಅಂತ ಹೇಳಿ ನಿಲ್ಲುತ್ತದೆ. ಹೊಸ ಜಾವಾವನ್ನು ತೆಗೆದುಹಾಕುವ ಅಗತ್ಯವಿಲ್ಲ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರಬಹುದು, ಸರ್ವರ್ ಶುರು ಮಾಡುವ ಫೈಲಿನಲ್ಲಿ ಜಾವಾ 8ರ ಪೂರ್ತಿ ದಾರಿ ಬರೆದರೆ ಆಯಿತು. ಆಡುವವರ ಕಡೆ, ಗೇಮ್ ಶುರು ಮಾಡಲು, ಪ್ರಿಸ್ಮ್ ಲಾಂಚರ್ ಹಾಕಿಸಿದೆ. ಅದರಲ್ಲಿ ಒಂದೊಂದು ಗೇಮ್‌ಗೆ ಒಂದೊಂದು ಜಾವಾ ಆಯ್ಕೆ ಮಾಡಬಹುದು.

ಡಿಸ್ಕಿನಲ್ಲಿದ್ದ ಹಳೆಯ ಫೋರ್ಜ್ ಇನ್‌ಸ್ಟಾಲರ್ ಕೆಲಸಕ್ಕೆ ಬರಲಿಲ್ಲ. ಅದು ಲೈಬ್ರರಿಗಳನ್ನು ಹುಡುಕುವ ವಿಳಾಸ ಈಗ ಇಲ್ಲ. 1.12.2ಕ್ಕೆ ಫೋರ್ಜ್‌ನವರೇ ಶಿಫಾರಸು ಮಾಡುವ 14.23.5.2859 ಇಳಿಸಿಕೊಂಡೆ. ಅದೇ ಸರಣಿಯ ಹಳೆಯ ಬಿಲ್ಡ್‌ನಲ್ಲಿ ಕಟ್ಟಿದ ಲೋಕ, ಅಂದರೆ ನಮ್ಮ ಊರು, ಇದರಲ್ಲಿ ತಕರಾರಿಲ್ಲದೆ ತೆರೆಯಿತು.

ಹಳೆಯ ಸರ್ವರನ್ನು ಇಂಟರ್ನೆಟ್ಟಿಗೆ ಬಿಡುವವರು ಒಂದು ವಿಷಯ ಮರೆಯಬಾರದು. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಅನ್ನುವ ದೊಡ್ಡ ತೂತು ಬಯಲಾಯಿತು. ಚಾಟ್‌ನಲ್ಲಿ ಒಂದು ಸಾಲು ಬರೆದು ಸರ್ವರನ್ನೇ ಕೈವಶ ಮಾಡಿಕೊಳ್ಳುವಂಥದ್ದು. 1.12ರಿಂದ 1.16.5ರವರೆಗಿನ ಸರ್ವರ್‌ಗಳಿಗೆ ಅಂತಲೇ ಗೇಮ್ ಮಾಡಿದ ಮೊಜಾಂಗ್ ಕಂಪನಿ ಒಂದು ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲ್ ಕೊಟ್ಟಿದೆ. ಅದನ್ನು ಸರ್ವರ್ ಫೋಲ್ಡರಿನಲ್ಲಿಟ್ಟು, ಶುರು ಮಾಡುವ ಸಾಲಿನಲ್ಲಿ ಅದರ ಹೆಸರು ಹೇಳಬೇಕು. ಎರಡು ನಿಮಿಷದ ಕೆಲಸ. ಮೂವರೇ ಆಡೋದು ತಾನೇ ಅಂತ ಬಿಡಬೇಡಿ. ತೆರೆದ ಪೋರ್ಟ್ (ಹೊರಗಿನವರು ಬರುವ ಬಾಗಿಲು) ಹುಡುಕುತ್ತಾ ತಿರುಗುವ ಬಾಟ್‌ಗಳಿಗೆ, ಅಂದರೆ ತಾವಾಗಿ ಓಡುವ ಪ್ರೋಗ್ರಾಂಗಳಿಗೆ, ಎಷ್ಟು ಜನ ಆಡುತ್ತಾರೆ ಅನ್ನುವುದು ಮುಖ್ಯವಲ್ಲ.

ಇನ್ನು ಮಾಡ್‌ಗಳೇ. ಬಯೋಮ್ಸ್ ಓ ಪ್ಲೆಂಟಿ, ಟಿಂಕರ್ಸ್ ಕನ್‌ಸ್ಟ್ರಕ್ಟ್, ಥರ್ಮಲ್ ಎಕ್ಸ್‌ಪ್ಯಾನ್ಶನ್, ಇಮ್ಮರ್ಸಿವ್ ಇಂಜಿನಿಯರಿಂಗ್, ಜರ್ನಿಮ್ಯಾಪ್, ಹೀಗೆ ಆ ಕಾಲದವರ ಮಾಮೂಲಿ ಪಟ್ಟಿ. ಕೆಲವು ಫೈಲ್ ಡಿಸ್ಕಿನಲ್ಲಿ ಹಾಳಾಗಿದ್ದವು. ಮಾಡ್‌ಗಳಿಗೆ ಬಂಧುಬಳಗ ಜಾಸ್ತಿ. ಟಿಂಕರ್ಸ್‌ಗೆ ಮ್ಯಾಂಟಲ್ ಬೇಕು. ಥರ್ಮಲ್ ಎಕ್ಸ್‌ಪ್ಯಾನ್ಶನ್‌ಗೆ ಥರ್ಮಲ್ ಫೌಂಡೇಶನ್, ಕೋಫ್ ಕೋರ್, ಕೋಫ್ ವರ್ಲ್ಡ್, ರೆಡ್‌ಸ್ಟೋನ್ ಫ್ಲಕ್ಸ್, ಕೋಡ್ ಚಿಕನ್ ಲಿಬ್, ಎಲ್ಲವೂ ಬೇಕು. ಒಂದು ಕಡಿಮೆಯಾದರೂ ಫೋರ್ಜ್ ಹೆಸರು ಹೇಳಿ ಕೇಳುತ್ತದೆ. ಅದು ಒಳ್ಳೆಯದೇ. ಹೆಸರು ಹೇಳದೆ ಸಾಯುವ ಮಾಡ್‌ಗಳದ್ದೇ ತಲೆನೋವು. ಅಂಥದ್ದಕ್ಕೆ ಅರ್ಧ ಮಾಡುವ ಉಪಾಯ: ಅರ್ಧ ಮಾಡ್‌ಗಳನ್ನು ಬೇರೆ ಫೋಲ್ಡರಿಗೆ ಸರಿಸಿ ಓಡಿಸಿ ನೋಡುವುದು, ಕೆಟ್ಟದ್ದು ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. 64 ಮಾಡ್ ಇದ್ದರೂ ಆರು ಸಲಕ್ಕೆ ಕಳ್ಳ ಸಿಗುತ್ತಾನೆ. ಈ ಪ್ರಯೋಗವನ್ನು ಯಾವಾಗಲೂ ಖಾಲಿ ಹೊಸ ಲೋಕದ ಮೇಲೆ ಮಾಡಬೇಕು, ಹಳೆಯ ಲೋಕದ ಮೇಲಲ್ಲ.

ಯಾಕೆಂದರೆ ಮಾಡ್ ಇಲ್ಲದೆ ಹಳೆಯ ಲೋಕ ತೆರೆದರೆ, ಆ ಮಾಡ್‌ನ ಇಟ್ಟಿಗೆ, ಕುರ್ಚಿ, ಯಂತ್ರ ಎಲ್ಲ ಅಳಿಸಿಹೋಗುತ್ತವೆ. ಫೋರ್ಜ್ ಮೊದಲು ಕೇಳುತ್ತದೆ, ಇಂತಿಂಥವು ಕಾಣುತ್ತಿಲ್ಲ, ಮುಂದುವರಿಯಲಾ ಅಂತ. ಸರ್ವರ್ ಕಿಟಕಿಯಲ್ಲಿ 'ಎಫ್‌ಎಂಎಲ್ ಕನ್‌ಫರ್ಮ್' ಅಂತ ಟೈಪ್ ಮಾಡಿದರೆ ಮುಗೀತು, ವಾಪಸ್ ಇಲ್ಲ. 'ಎಫ್‌ಎಂಎಲ್ ಕ್ಯಾನ್ಸಲ್' ಅಂದರೆ ನಿಲ್ಲುತ್ತದೆ. ನಮ್ಮಲ್ಲಿ ಕಾಣದೆ ಹೋದದ್ದು ಒಂದು ಸಣ್ಣ ಪೀಠೋಪಕರಣದ ಮಾಡ್. ಚಿಕ್ಕವನು ಅದರಲ್ಲೇ ಒಂದು ಇಡೀ ಶಾಲೆ ಮಾಡಿ, ಬೆಂಚು ಜೋಡಿಸಿ ಇಟ್ಟಿದ್ದ. ಅದಿಲ್ಲದೆ ಪ್ರಯೋಜನವಿಲ್ಲ ಅಂದ. ಸರಿ, ಹುಡುಕು.

ಹುಡುಕಿದರೆ ಆ ಮಾಡ್‌ನ ಹೆಸರಿನಲ್ಲಿ ಹತ್ತಾರು ಗುರುತಿಲ್ಲದ ಸೈಟ್‌ಗಳಲ್ಲಿ ಡೌನ್‌ಲೋಡ್ ಬಟನ್. ಒಂದನ್ನೂ ಒತ್ತಲಿಲ್ಲ. ಮಾಡ್ ಅಂದರೆ ಜಾವಾ ಪ್ರೋಗ್ರಾಂ, ಗೇಮ್‌ನೊಳಗೆ ಅದಕ್ಕೆ ಬೇಲಿ ಏನೂ ಇಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಅನ್ನುವ ಮಾಲ್‌ವೇರ್, ಮಾಡ್‌ಗಳ ದೊಡ್ಡ ಸೈಟ್ ಆದ ಕರ್ಸ್‌ಫೋರ್ಜ್‌ನ ಮಾಡ್‌ಗಳೊಳಗೇ ಸೇರಿಕೊಂಡಿತ್ತು. ಹೆಸರಾಂತ ಜಾಗದ ಕಥೆಯೇ ಹೀಗಾದರೆ ಊರು ಹೆಸರಿಲ್ಲದ ಸೈಟ್ ಹೇಗಿರಬೇಡ. ಕೊನೆಗೆ ಫೈಲ್ ಸಿಕ್ಕಿದ್ದು ನನ್ನ ಮಗಳ ಹಳೆಯ ಪೆನ್‌ಡ್ರೈವ್‌ನಲ್ಲಿ, 2018ರ ಮೇ ತಿಂಗಳ ತಾರೀಕಿನೊಂದಿಗೆ. ಬೆಂಚುಗಳು ಬಂದವು.

ಖಾತೆಗಳದ್ದು ಬೇರೆ ಪುರಾಣ. ಹಳೆಯ ಮೊಜಾಂಗ್ ಖಾತೆಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬದಲಿಸಲು ಕೊನೆಯ ದಿನ 2023ರ ಸೆಪ್ಟೆಂಬರ್ 19. ದೊಡ್ಡವನದ್ದು, ಮಗಳದ್ದು ಬದಲಾಗಿತ್ತು. ಚಿಕ್ಕವನದ್ದು ಇಲ್ಲ. ಹೊಸದಾಗಿ ಕೊಳ್ಳಬೇಕಾಯಿತು. ಹೊಸ ಖಾತೆಯಲ್ಲಿ ಊರಿಗೆ ಕಾಲಿಟ್ಟರೆ ಅವನ ಕೈ ಖಾಲಿ, ಚೀಲವೂ ಖಾಲಿ, ನಿಂತಿರುವುದು ಎಲ್ಲೋ ಆರಂಭದ ಜಾಗದಲ್ಲಿ. ಗೇಮ್ ಆಟಗಾರರನ್ನು ಗುರುತಿಸುವುದು ಹೆಸರಿನಿಂದಲ್ಲ, ಯುಯುಐಡಿ ಅನ್ನುವ ಉದ್ದ ಸಂಖ್ಯೆಯಿಂದ. ಲೋಕದ ಫೋಲ್ಡರಿನಲ್ಲಿ 'ಪ್ಲೇಯರ್‌ಡೇಟಾ' ಅಂತ ಒಂದಿದೆ. ಒಬ್ಬೊಬ್ಬರಿಗೆ ಒಂದೊಂದು ಫೈಲ್, ಫೈಲಿನ ಹೆಸರೇ ಆ ಸಂಖ್ಯೆ. ಸರ್ವರ್ ನಿಲ್ಲಿಸಿ, ಅವನ ಹೊಸ ಖಾಲಿ ಫೈಲನ್ನು ಅಳಿಸಿ, ಹಳೆಯ ಫೈಲಿಗೆ ಹೊಸ ಸಂಖ್ಯೆಯ ಹೆಸರಿಟ್ಟೆ. ಮತ್ತೆ ಒಳಗೆ ಹೋದ. "ಮಾಮಾ, ನನ್ನ ವಜ್ರದ ಪಿಕಾಸಿ ಇನ್ನೂ ಅರ್ಧ ಸವೆದೇ ಇದೆ" ಅಂದ. ಅಂದರೆ ಸರಿಯಾಗಿದೆ.

ಇಲ್ಲಿಗೆ ಮನೆಯೊಳಗೆ ಇಬ್ಬರೂ ಆಡುವ ಹಾಗಾಯಿತು. ಫೋಲ್ಡರ್ ಪೂರ್ತಿ ಎರಡು ಕಡೆ ಕಾಪಿ ಮಾಡಿಟ್ಟೆ. ಮುಂದಿನದ್ದು ರೌಟರ್.

ರೌಟರ್ ಕಡೆ

ರೌಟರ್ ಇದ್ದದ್ದು ಅಡುಗೆಮನೆಯ ಕಿಟಕಿಯಲ್ಲಿ. ಕಾರಣ, ಅಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ತೋರಿಸುತ್ತದೆ. ಈ ಕಡ್ಡಿಗಳನ್ನು ನಂಬಬಾರದು ಅನ್ನುವುದನ್ನು ಭಾವನಿಗೆ ಒಪ್ಪಿಸಲು ಜಾವಾ ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ರೌಟರಿನ ಸೆಟ್ಟಿಂಗ್ ಪುಟದೊಳಗೆ ಹೋದರೆ ಎರಡು ಸಂಖ್ಯೆ ಸಿಗುತ್ತವೆ. ಆರ್‌ಎಸ್‌ಆರ್‌ಪಿ, ಅಂದರೆ ಟವರಿನ ಸಿಗ್ನಲ್ ಎಷ್ಟು ಜೋರಾಗಿ ಬರುತ್ತಿದೆ. ಎಸ್‌ಐಎನ್‌ಆರ್, ಅಂದರೆ ಗದ್ದಲದ ನಡುವೆ ಅದು ಎಷ್ಟು ಸ್ಪಷ್ಟವಾಗಿದೆ. ಮೊದಲನೆಯದು ಮೈನಸ್ 80ರ ಹತ್ತಿರ ಇದ್ದರೆ ಚೆನ್ನ, ಮೈನಸ್ 110 ದಾಟಿದರೆ ಕಷ್ಟ. ಎರಡನೆಯದು 20 ಇದ್ದರೆ ಭರ್ಜರಿ, ಸೊನ್ನೆಗಿಂತ ಕೆಳಗಿಳಿದರೆ ಬರೀ ಗೊರಗೊರ. ಅಡುಗೆಮನೆಯಲ್ಲಿ ರೌಟರ್ ಹಿಡಿದಿದ್ದು ಬ್ಯಾಂಡ್ 5, ಅಂದರೆ 850 ಮೆಗಾಹರ್ಟ್ಸ್. ಆರ್‌ಎಸ್‌ಆರ್‌ಪಿ ಮೈನಸ್ 98, ಎಸ್‌ಐಎನ್‌ಆರ್ ಬರೀ 2. ಕೆಳಗಿನ ಫ್ರೀಕ್ವೆನ್ಸಿ ಮರ, ಗೋಡೆ ದಾಟಿ ದೂರ ಬರುತ್ತದೆ ನಿಜ. ಆದರೆ ಹಾಗೇ ಸುತ್ತಲಿನ ಎಲ್ಲರ ಮನೆಗೂ ಬರುತ್ತದೆ, ಎಲ್ಲರ ಫೋನೂ ಅದಕ್ಕೇ ಜೋತುಬಿದ್ದಿರುತ್ತದೆ. ಸಂಜೆ ಏಳರ ಮೇಲೆ ಅಪ್‌ಲೋಡ್ 1 ಎಂಬಿಪಿಎಸ್ ಕೂಡ ಸಿಗುತ್ತಿರಲಿಲ್ಲ. ಸರ್ವರ್ ನಮ್ಮ ಮನೆಯಲ್ಲಿರುವಾಗ ಮುಖ್ಯ ಆಗುವುದು ಅಪ್‌ಲೋಡೇ.

ಉದ್ದ ವೈರ್ ಸಿಕ್ಕಿಸಿಕೊಂಡು ರೌಟರ್ ಹಿಡಿದು ಮನೆಯೆಲ್ಲ ತಿರುಗಿದೆ. ಅಟ್ಟದ ಪೂರ್ವದ ತುದಿಯ ಎದುರಿಗೆ, ರಸ್ತೆಗೆ ಹೋಗುವ ದಾರಿಯ ಮೇಲೆ ತೋಟದಲ್ಲಿ ಒಂದು ಸೀಳು ಇದೆ. ಅಟ್ಟದ ಆ ತುದಿಯಲ್ಲಿ ಬ್ಯಾಂಡ್ 3, 1800 ಮೆಗಾಹರ್ಟ್ಸ್, ಸಿಕ್ಕಿತು. ಆರ್‌ಎಸ್‌ಆರ್‌ಪಿ ಮೈನಸ್ 104, ಅಂದರೆ ಅಡುಗೆಮನೆಗಿಂತ ಕಡಿಮೆ. ಕಡ್ಡಿ ಎರಡೇ. ಆದರೆ ಎಸ್‌ಐಎನ್‌ಆರ್ 11. ಅಪ್‌ಲೋಡ್ 6 ಎಂಬಿಪಿಎಸ್ ಬಂತು, ಅದೂ ಸಂಜೆ. ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 3ಕ್ಕೇ ಕಟ್ಟಿಹಾಕಿದೆ. ಬಿಟ್ಟರೆ ರೌಟರ್ ಮತ್ತೆ ಜೋರು ದನಿಯ ಕಡೆಗೇ ಓಡುತ್ತದೆ. ಬ್ಯಾಂಡ್ 40, 2300 ಮೆಗಾಹರ್ಟ್ಸ್, ಬೆಳಗ್ಗೆ ಇಣುಕಿ ಮಳೆ ಬಂದ ಕೂಡಲೇ ಮಾಯವಾಗುತ್ತಿತ್ತು. ಒದ್ದೆ ಎಲೆ ದಾಟುವುದು ಮೇಲಿನ ಫ್ರೀಕ್ವೆನ್ಸಿಗೆ ಕಷ್ಟ.

ಭಾವ ಅಷ್ಟರಲ್ಲಿ ಶಿವಮೊಗ್ಗದಿಂದ ಹೊರಗಡೆ ಹಾಕುವ ಆ್ಯಂಟೆನಾ ತಂದಿದ್ದರು. ಜೋಡಿ ಕೇಬಲ್, ತಲಾ 10 ಮೀಟರ್. ಮಾಡಿನ ಮೇಲೆ ಆ್ಯಂಟೆನಾ, ಕೆಳಗೆ ಹಾಲ್‌ನಲ್ಲಿ ರೌಟರ್ ಅನ್ನುವುದು ಅವರ ಯೋಜನೆ. ಸಿಕ್ಕಿಸಿದರೆ ಸಿಗ್ನಲ್ ಮೊದಲಿಗಿಂತ ಕೆಟ್ಟಿತು. ಕೇಬಲ್ ತುದಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿದೆ. ಹೊರಗಿನ ನಟ್ ಸರಿ ಇದೆ, ತಿರುಪು ಸಲೀಸಾಗಿ ತಿರುಗಿ ಕೂರುತ್ತದೆ. ನಡುವೆ ಇರಬೇಕಾದ ಚಿನ್ನದ ಬಣ್ಣದ ಸೂಜಿ ಇಲ್ಲ, ಅದರ ಜಾಗದಲ್ಲಿ ತೂತು. ರೌಟರ್ ಕಡೆಯೂ ತೂತೇ. ತೂತಿಗೆ ತೂತು ಎದುರಾದರೆ ಒಳಗಿನ ತಂತಿ ಒಂದಕ್ಕೊಂದು ಮುಟ್ಟುವುದೇ ಇಲ್ಲ. ಇದು ಆರ್‌ಪಿ-ಎಸ್‌ಎಂಎ, ವೈಫೈ ಸಾಮಾನಿಗೆ ಬರುವ ಬಗೆ. 4ಜಿ ರೌಟರಿಗೆ ಬೇಕಾದ್ದು ಬರೀ ಎಸ್‌ಎಂಎ. ಮೇಲ್ನೋಟಕ್ಕೆ ಎರಡೂ ಅವಳಿ. ಕೊಳ್ಳುವಾಗ ಸೂಜಿ ನೋಡಿ ಕೊಳ್ಳಿ.

ಕನೆಕ್ಟರ್ ಬದಲಿಸಿದ್ದರೂ ಲಾಭ ಇರಲಿಲ್ಲ ಅನ್ನಿ. ಕೇಬಲ್ ಮೇಲೆ ಆರ್‌ಜಿ58 ಅಂತ ಅಚ್ಚಾಗಿತ್ತು. ಈ ಫ್ರೀಕ್ವೆನ್ಸಿಗಳಲ್ಲಿ ಅದು ಮೀಟರಿಗೆ ಹೆಚ್ಚುಕಡಿಮೆ 1 ಡೆಸಿಬೆಲ್ ತಿನ್ನುತ್ತದೆ. ಆ್ಯಂಟೆನಾ ಡಬ್ಬಿಯ ಮೇಲೆ ಬರೆದ ಗಳಿಕೆ 9 ಡೆಸಿಬೆಲ್. ಮೇಲೆ ದುಡಿದದ್ದನ್ನೆಲ್ಲ ಕೆಳಗೆ ಬರುವಷ್ಟರಲ್ಲಿ ಕೇಬಲ್ಲೇ ತಿಂದು ಮುಗಿಸುತ್ತದೆ. ಎಲ್‌ಎಂಆರ್400 ಅನ್ನುವ ದಪ್ಪ ಕೇಬಲ್ ಮೀಟರಿಗೆ 0.2 ಡೆಸಿಬೆಲ್ ಆಸುಪಾಸು ಮಾತ್ರ ತಿನ್ನುತ್ತದೆ, ಆದರೆ ಬೆಲೆ ಜಾಸ್ತಿ, ಬಗ್ಗಿಸುವುದೂ ಕಷ್ಟ. ಅದಕ್ಕಿಂತ ರೌಟರನ್ನೇ ಮೇಲೆ ಹತ್ತಿಸಿ ಸಾಧಾರಣ ಎತರ್ನೆಟ್ ಕೇಬಲ್ ಕೆಳಗೆ ಇಳಿಸುವುದು ವಾಸಿ. ಎತರ್ನೆಟ್ 100 ಮೀಟರಿನ ತನಕ ಏನೂ ಕಳೆದುಕೊಳ್ಳುವುದಿಲ್ಲ. ಆ್ಯಂಟೆನಾ ವಾಪಸ್ ಹೋಯಿತು. ಭಾವನಿಗೆ ಸ್ವಲ್ಪ ಬೇಜಾರಾಯಿತು.

ಅಟ್ಟದಲ್ಲಿ ಇಲಿ ಕಾಟ, ಹಾಗಾಗಿ ಎತರ್ನೆಟ್ ಕೇಬಲ್ ಅನ್ನು ವೈರಿಂಗ್ ಪೈಪಿನೊಳಗೆ ತೂರಿಸಿ ಇಳಿಸಿದೆ. ಹಂಚಿಗೆ ತಾಗುವ ಹಾಗೆ ರೌಟರ್ ಇಡಲಿಲ್ಲ. ಮನೆ ರೌಟರ್‌ಗಳನ್ನು ಸಾಮಾನ್ಯವಾಗಿ 40 ಡಿಗ್ರಿಯವರೆಗಿನ ಸೆಕೆಗೆ ಮಾಡಿರುತ್ತಾರೆ, ಏಪ್ರಿಲ್ ಮಧ್ಯಾಹ್ನ ಹಂಚಿನಡಿ ಅದಕ್ಕಿಂತ ಮೇಲೇ ಹೋಗುತ್ತದೆ. ಗಾಳಿ ಆಡುವ ಕಡೆ, ಕಿಂಡಿಯ ಪಕ್ಕದ ಪಕಾಸಿಗೆ ಹಲಗೆ ಹೊಡೆದು ಕೂರಿಸಿದೆ.

ಇದೆಲ್ಲ ಮುಗಿದ ಮೇಲೆ ರೌಟರ್ ಆಗಾಗ ತಾನೇ ಆಫ್ ಆಗಿ ಆನ್ ಆಗತೊಡಗಿತು. ಅದೂ ಅಪ್‌ಲೋಡ್ ಮಾಡುವಾಗಲೇ. ಅಡಾಪ್ಟರ್ ತಿರುಗಿಸಿ ನೋಡಿದರೆ 12 ವೋಲ್ಟ್, 0.5 ಆಂಪ್, ಯಾವುದೋ ಹಳೆಯ ಸೆಟ್‌ಟಾಪ್ ಬಾಕ್ಸಿನದು. ರೌಟರ್ ಕೇಳುವುದು 1 ಆಂಪ್. ಸಿಗ್ನಲ್ ಕಡಿಮೆ ಇದ್ದಷ್ಟೂ ಮೋಡೆಮ್ ಟವರಿಗೆ ಕೇಳಿಸಲಿ ಅಂತ ಜೋರಾಗಿ ಕೂಗುತ್ತದೆ, ಗರಿಷ್ಠ 200 ಮಿಲಿವ್ಯಾಟ್ ತನಕ. ಆ ಹೊತ್ತಿಗೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಬಡ ಅಡಾಪ್ಟರ್ ಕುಸಿಯುತ್ತದೆ. ಸರಿಯಾದ ಅಡಾಪ್ಟರ್, ಜೊತೆಗೆ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಮಲೆನಾಡಿನಲ್ಲಿ ಆ ಯುಪಿಎಸ್ ಇಲ್ಲದೆ ರೌಟರ್ ಇಡುವುದು ಸುಮ್ನೆ ದಂಡ.

ಹೊರಗಿನವರು ಒಳಗೆ ಬರುವ ದಾರಿ

ಮೈನ್‌ಕ್ರಾಫ್ಟ್ ಸರ್ವರ್ 25565 ಪೋರ್ಟಿನಲ್ಲಿ ಕಾಯುತ್ತದೆ. ಯಾವ ವಿಡಿಯೊ ನೋಡಿದರೂ ರೌಟರಿನಲ್ಲಿ ಆ ಪೋರ್ಟ್ ತೆರೆಯಿರಿ ಅನ್ನುತ್ತಾರೆ. ದೊಡ್ಡವನು ಅದನ್ನು ಆಗಲೇ ಮಾಡಿದ್ದ. ಸಿಮ್ ರೌಟರಿನಲ್ಲಿ ಅದರಿಂದ ಏನೂ ಆಗುವುದಿಲ್ಲ. ರೌಟರಿನ ವ್ಯಾನ್ ವಿಳಾಸ, ಅಂದರೆ ಹೊರಗಿನ ನೆಟ್‌ವರ್ಕ್ ಅದಕ್ಕೆ ಕೊಟ್ಟ ಐಪಿ ವಿಳಾಸ, ನೋಡಿ. ಅದು 10ರಿಂದ ಶುರುವಾಗಿದ್ದರೆ, ಅಥವಾ 100.64ರಿಂದ 100.127ರ ಒಳಗಿದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಮೊಬೈಲ್ ಕಂಪನಿಗಳು ಒಂದೇ ಐಪಿವಿ4 (ಹಳೆಯ ಬಗೆಯ) ವಿಳಾಸವನ್ನು ನೂರಾರು ಜನಕ್ಕೆ ಹಂಚುತ್ತವೆ. ಹೊರಗಿನಿಂದ ಬಂದ ಕರೆ ಅವರ ಗೇಟಿನಲ್ಲೇ ನಿಲ್ಲುತ್ತದೆ, ನಿಮ್ಮ ರೌಟರ್ ಬಾಗಿಲು ತೆರೆದಿಟ್ಟರೂ ಬಡಿಯುವವರೇ ಇಲ್ಲ. ನಮ್ಮದು 100.72 ಅಂತ ತೋರಿಸಿತು. ಐಪಿವಿ6, ಅಂದರೆ ಹೊಸ ಬಗೆಯ ವಿಳಾಸವೂ ಇತ್ತು, ಆದರೆ ಬೆಂಗಳೂರಿನ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ6 ಇಲ್ಲ. ಆ ದಾರಿ ಅಲ್ಲಿಗೇ ಮುಚ್ಚಿತು.

ಹಾಗಾದರೆ ಒಳಗಿನಿಂದ ಹೊರಗೆ ದಾರಿ ಮಾಡಬೇಕು. ಲ್ಯಾಪ್‌ಟಾಪಿನಿಂದ ಮುಂಬೈ ಸರ್ವರಿಗೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಸಾಫ್ಟ್‌ವೇರಿನ ಸುರಂಗ ಹಾಕಿದೆ. ಮುಂಬೈ ಸರ್ವರಿಗೆ ನಿಜವಾದ ಐಪಿ ಇದೆ. ಅದರ 25565ಕ್ಕೆ ಬಂದದ್ದನ್ನು ಸುರಂಗದೊಳಗಿಂದ ಲ್ಯಾಪ್‌ಟಾಪಿಗೆ ತಳ್ಳುವುದು. ವೈರ್‌ಗಾರ್ಡ್‌ನಲ್ಲಿ ಕೀಪ್‌ಅಲೈವ್ (ಇದ್ದೇನೆ ಅಂತ ಆಗಾಗ ತಿಳಿಸುವುದು) 25 ಸೆಕೆಂಡ್ ಇಡಲೇಬೇಕು. ಇಲ್ಲದಿದ್ದರೆ ಯಾರೂ ಆಡದೆ ಸ್ವಲ್ಪ ಹೊತ್ತು ಕಳೆದರೆ ಸಿಜಿನ್ಯಾಟ್ ಆ ಸಂಪರ್ಕವನ್ನು ಮರೆತುಬಿಡುತ್ತದೆ, ಹೊರಗಿನಿಂದ ಮತ್ತೆ ಎಬ್ಬಿಸಲು ಆಗುವುದಿಲ್ಲ. ಮುಂಬೈ ಕಡೆ ಮ್ಯಾಸ್ಕರೇಡ್ (ಬಂದದ್ದೆಲ್ಲ ಮುಂಬೈ ಸರ್ವರಿನದೇ ಅನ್ನುವ ಹಾಗೆ ವಿಳಾಸ ಬದಲಿಸುವುದು) ಕೂಡ ಹಾಕಿದೆ. ಹಾಕದಿದ್ದರೆ ಲ್ಯಾಪ್‌ಟಾಪ್ ಉತ್ತರವನ್ನು ಸುರಂಗ ಬಿಟ್ಟು ನೇರ ಸಿಮ್ ದಾರಿಯಲ್ಲಿ ಕಳಿಸುತ್ತದೆ, ಅದು ಮುಟ್ಟುವುದಿಲ್ಲ. ಇದರ ಒಂದು ಅನನುಕೂಲ ಏನೆಂದರೆ ಸರ್ವರ್ ಲಾಗ್‌ನಲ್ಲಿ ಹೊರಗಿನಿಂದ ಬಂದವರಿಗೆಲ್ಲ ಒಂದೇ ಐಪಿ ಕಾಣುತ್ತದೆ. ಐಪಿ ನೋಡಿ ಯಾರನ್ನೋ ತಡೆಯಲು ಹೋದರೆ ಎಲ್ಲರನ್ನೂ ತಡೆದಂತೆ. ಅದಕ್ಕೆ ವೈಟ್‌ಲಿಸ್ಟ್ ಹಾಕಿ ಮೂವರ ಹೆಸರು ಮಾತ್ರ ಸೇರಿಸಿದೆ.

ಗೇಮ್ ಸರ್ವರನ್ನೇ ಮುಂಬೈಯಲ್ಲಿ ಇಡಬಹುದಲ್ವಾ ಅಂತ ಕೇಳಬಹುದು. ಇಷ್ಟು ಮಾಡ್‌ಗಳಿಗೆ 4 ಜಿಬಿ ರ‍್ಯಾಮ್ ಬೇಕು, ನನ್ನ ಬಾಡಿಗೆಯದು 1 ಜಿಬಿ. ಪ್ಯಾಕೆಟ್, ಅಂದರೆ ಡೇಟಾದ ತುಂಡುಗಳನ್ನು, ತಳ್ಳುವುದಕ್ಕೆ ಅದು ಧಾರಾಳ ಸಾಕು. ಇನ್ನೂ ಒಂದು ಕಾರಣ ಇದೆ. ಜಾಸ್ತಿ ಆಡುವವರು ಅಕ್ಕನ ಮಕ್ಕಳೇ, ಅವರಿಗೆ ಸರ್ವರ್ ಮನೆಯಲ್ಲಿದ್ದಷ್ಟು ಚುರುಕು.

ಪಟ್ಟಿಯಲ್ಲಿ ಕಾಣುತ್ತದೆ, ಒಳಗೆ ಬಿಡುವುದಿಲ್ಲ

ಬೆಂಗಳೂರಿನಿಂದ ಮಗಳು ವಿಳಾಸ ಹಾಕಿದಳು. ಸರ್ವರ್ ಪಟ್ಟಿಯಲ್ಲಿ ಬಂತು. ಊರಿನ ಹೆಸರು, ಹಸಿರು ಕಡ್ಡಿ, ಆಟಗಾರರ ಲೆಕ್ಕ, ಪಕ್ಕದಲ್ಲಿ ಮಾಡ್‌ಗಳು ಹೊಂದುತ್ತವೆ ಅನ್ನುವ ಫೋರ್ಜ್‌ನ ಟಿಕ್ ಗುರುತು. ಎಲ್ಲ ಸರಿ. ಸೇರು ಅಂತ ಒತ್ತಿದರೆ 'ಲಾಗಿಂಗ್ ಇನ್' ಅಂತ ಬಂದು ಅಲ್ಲೇ ನಿಲ್ಲುತ್ತದೆ. 30 ಸೆಕೆಂಡಿಗೆ 'ಟೈಮ್ಡ್ ಔಟ್'. ಪ್ರತಿ ಸಲ ಅದೇ.

"ಅಪ್ಪಾ, ಯಾವುದೋ ಮಾಡ್ ಸರಿ ಇಲ್ಲ" ಅಂದಳು. ಹಾಗೆ ಅನ್ನಿಸುವುದು ಸಹಜ. ಆದರೆ ಫೋರ್ಜ್‌ನ ಸ್ವಭಾವ ಬೇರೆ. ಮಾಡ್ ಹೊಂದದಿದ್ದರೆ ಅದು ಮಾಡ್‌ನ ಹೆಸರು, ಆವೃತ್ತಿ ಹೇಳಿ ಬಾಗಿಲಲ್ಲೇ ತಿರಸ್ಕರಿಸುತ್ತದೆ. ಏನೂ ಹೇಳದೆ ಕಾದು ಕಾದು ಕೈಬಿಡುವುದು ನೆಟ್‌ವರ್ಕಿನ ಲಕ್ಷಣ. ಅವಳ ಲಾಗ್‌ನ ಕೊನೆಯಲ್ಲಿ ಇದ್ದದ್ದೂ 'ರೀಡ್ ಟೈಮ್‌ಔಟ್ ಎಕ್ಸೆಪ್ಶನ್'. ಮಾಡ್‌ನ ಹೆಸರು ಒಂದೂ ಇಲ್ಲ. ಮೇಲಾಗಿ ಅದೇ ಮಾಡ್‌ಗಳು, ಅದೇ ಸರ್ವರ್, ಮನೆಯ ವೈಫೈಯಲ್ಲಿ ಚಕ್ಕನೆ ಸೇರಿಸಿಕೊಳ್ಳುತ್ತಿದ್ದವು. ಅದಕ್ಕೇ ಮಾಡ್ ಫೋಲ್ಡರನ್ನು ಮುಟ್ಟಲಿಲ್ಲ. ಮೊದಲೇ ಮನೆಯೊಳಗೆ ಪರೀಕ್ಷೆ ಮಾಡಿರದಿದ್ದರೆ ಇಲ್ಲಿ ಒಂದೊಂದೇ ಮಾಡ್ ಕಿತ್ತು ನೋಡುತ್ತಾ ಕೂರಬೇಕಾಗುತ್ತಿತ್ತು.

ಪಟ್ಟಿಯಲ್ಲಿ ಕಾಣುವುದಕ್ಕೆ ಬೇಕಾದ ಮಾಹಿತಿ ಚಿಕ್ಕದು. ಸೇರುವಾಗ ಫೋರ್ಜ್ ಎಲ್ಲ ಮಾಡ್‌ಗಳ ಪಟ್ಟಿ, ಪ್ರತಿ ಬ್ಲಾಕಿನ ಸಂಖ್ಯೆ, ಎಲ್ಲವನ್ನೂ ಕಳಿಸುತ್ತದೆ. ಆಗ ಪ್ಯಾಕೆಟ್‌ಗಳು ತುಂಬಿಕೊಂಡು ಹೋಗುತ್ತವೆ. ಚಿಕ್ಕ ಪ್ಯಾಕೆಟ್ ದಾಟಿ ದೊಡ್ಡದು ಸಿಕ್ಕಿಹಾಕಿಕೊಂಡರೆ ಅನುಮಾನ ಎಂಟಿಯು ಮೇಲೆ. ಎಂಟಿಯು ಅಂದರೆ ಆ ದಾರಿಯಲ್ಲಿ ತುಂಡಾಗದೆ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ. ಎತರ್ನೆಟ್‌ನಲ್ಲಿ 1500. ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಷ್ಟೋ ಕಡೆ ಅದಕ್ಕಿಂತ ಕಡಿಮೆ, ಯಾಕೆಂದರೆ ನಿಮ್ಮ ಪ್ಯಾಕೆಟ್ಟನ್ನು ಟವರಿನಿಂದಾಚೆ ಇನ್ನೊಂದು ಲಕೋಟೆಯೊಳಗೆ ಹಾಕಿ ಸಾಗಿಸುತ್ತಾರೆ. ಅದರ ಮೇಲೆ ವೈರ್‌ಗಾರ್ಡ್ ತನ್ನದೂ ಒಂದು ಲಕೋಟೆ ಹಾಕುತ್ತದೆ, ಐಪಿವಿ4 ಮೇಲೆ 60 ಬೈಟ್. ವೈರ್‌ಗಾರ್ಡ್‌ನ ಮಾಮೂಲಿ ಎಂಟಿಯು 1420. ಹೊರಗಿನ ದಾರಿ ಪೂರ್ತಿ 1500 ಇದ್ದರೆ ಅದು ಸರಿ. ಇಲ್ಲದಿದ್ದರೆ ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಅಳೆಯುವುದು ಸುಲಭ. ತುಂಡು ಮಾಡಬೇಡ ಅನ್ನುವ ಆಯ್ಕೆ ಹಾಕಿ, ಸುರಂಗದ ಹೊರಗಿನಿಂದ, ಮುಂಬೈ ಸರ್ವರಿಗೆ ಪಿಂಗ್ ಮಾಡಬೇಕು, ಅಂದರೆ ಉತ್ತರ ಕೇಳುವ ಪ್ಯಾಕೆಟ್ ಕಳಿಸಬೇಕು. 1472ರಿಂದ ಶುರು, ಉತ್ತರ ಬರುವ ತನಕ ಇಳಿಸುತ್ತಾ ಹೋಗುವುದು. 1472 ಹೋಗಲಿಲ್ಲ. 1400 ಹೋಗಲಿಲ್ಲ. 1392ಕ್ಕೆ ಉತ್ತರ ಬಂತು, 1393ಕ್ಕೆ ಇಲ್ಲ. ಪಿಂಗ್‌ನ ಹೆಡರ್ 28 ಬೈಟ್ ಸೇರಿಸಿದರೆ ದಾರಿಯ ಅಗಲ 1420. ಅದರಿಂದ ವೈರ್‌ಗಾರ್ಡ್‌ನ 60 ಕಳೆದರೆ 1360. ಎರಡೂ ತುದಿಯಲ್ಲಿ ಎಂಟಿಯು 1360 ಬರೆದೆ. ಟವರ್ ಬದಲಾದರೆ ಇರಲಿ ಅಂತ ಆಮೇಲೆ 1340ಕ್ಕೆ ಇಳಿಸಿದೆ.

ಸುರಂಗ ಮತ್ತೆ ಶುರು ಮಾಡಿ ಮಗಳಿಗೆ ಫೋನ್ ಮಾಡಿದೆ. ಈ ಸಲ 'ಲಾಗಿಂಗ್ ಇನ್' ಓದುವಷ್ಟೂ ಹೊತ್ತು ನಿಲ್ಲಲಿಲ್ಲ. ಫೋನ್‌ನಲ್ಲಿ ಅವಳು ಮಾತಾಡುವ ಮೊದಲೇ ಕೇಳಿಸಿದ್ದು ನನ್ನ ಹಿಂದಿನಿಂದ ಚಿಕ್ಕವನ ದನಿ: "ಅಕ್ಕಾ, ನಿನ್ನ ಮನೆ ಮುಂದೆ ನಿಂತಿದ್ದೀನಿ, ಬಾಗಿಲು ತೆಗಿ."

ಇದೇ ಸಮಸ್ಯೆ ಗೇಮ್‌ಗೆ ಮಾತ್ರ ಬರುವುದಲ್ಲ. ಸಿಮ್ ರೌಟರ್ ಮೇಲೆ ಆಫೀಸ್ ವಿಪಿಎನ್ ಹಾಕಿದಾಗ ಚಾಟ್ ಹೋಗುತ್ತದೆ, ಫೈಲ್ ಹೋಗುವುದಿಲ್ಲ ಅಂತ ಒದ್ದಾಡುವವರು ಮೊದಲು ಇದನ್ನೇ ಅಳೆದು ನೋಡಿ. ಓಪನ್‌ಡಬ್ಲ್ಯೂಆರ್‌ಟಿ ಸಾಫ್ಟ್‌ವೇರಿನ ರೌಟರ್ ಇದ್ದವರಿಗೆ ಫೈರ್‌ವಾಲ್ ಪುಟದಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಅನ್ನುವ ಚೌಕವೂ ಇದೆ. ಟಿಕ್ ಹಾಕಿದರೆ ಟಿಸಿಪಿ ಸಂಪರ್ಕಗಳಿಗೆ ಅದೇ ಕೆಲಸ ಮಾಡುತ್ತದೆ.

ಚಿಲ್ಲರೆ ಕೆಲಸಗಳು

ಸರ್ವರ್ ಸೆಟ್ಟಿಂಗ್‌ನಲ್ಲಿ ವ್ಯೂ ಡಿಸ್ಟೆನ್ಸ್ (ಆಟಗಾರರಿಗೆ ಕಾಣುವ ದೂರ) 10 ಇತ್ತು, 6 ಮಾಡಿದೆ. ಕಳಿಸಬೇಕಾದ ನೆಲ ಅರ್ಧಕ್ಕಿಂತ ಕಡಿಮೆಯಾಯಿತು, ಅಪ್‌ಲೋಡ್ ಉಸಿರಾಡಿತು. ಬೆಂಗಳೂರಿನಲ್ಲಿ ಪಿಂಗ್, ಅಂದರೆ ಉತ್ತರ ಬರಲು ಹಿಡಿಯುವ ಹೊತ್ತು, 70ರಿಂದ 90 ಮಿಲಿಸೆಕೆಂಡ್. ಅಕ್ಕ ರಾತ್ರಿ ಧಾರಾವಾಹಿ ಹಾಕಿದಾಗ ಅದು 300ಕ್ಕೆ ಹಾರುತ್ತದೆ. ಇದಕ್ಕೆ ತಾಂತ್ರಿಕ ಪರಿಹಾರ ಇದೆ, ಆದರೆ 4ಜಿಯಲ್ಲಿ ವೇಗವೇ ಗಳಿಗೆಗೊಂದು ಥರ ಇರುವುದರಿಂದ ಸರಿ ಕೂರಿಸುವುದು ರೇಜಿಗೆ. ಧಾರಾವಾಹಿ ಮುಗಿದ ಮೇಲೆ ಆಡಿ ಅಂತ ಅಕ್ಕನೇ ತೀರ್ಪು ಕೊಟ್ಟಳು.

ಟವರ್ ಹೋದಾಗ ಮನೆಯವರಿಗೂ ಸರ್ವರ್‌ಗೆ ಸೇರಲು ಆಗುವುದಿಲ್ಲ, ಖಾತೆ ಪರೀಕ್ಷೆಗೆ ಇಂಟರ್ನೆಟ್ ಬೇಕು. ಆನ್‌ಲೈನ್ ಮೋಡ್, ಅಂದರೆ ಆ ಪರೀಕ್ಷೆ, ಆಫ್ ಮಾಡಿ ಅಂತ ದೊಡ್ಡವನು ಕೇಳಿದ. ಮಾಡಲಿಲ್ಲ. ಆಫ್ ಮಾಡಿದರೆ ಯುಯುಐಡಿ ಬೇರೆ ಲೆಕ್ಕದಲ್ಲಿ ಹುಟ್ಟುತ್ತದೆ, ಎಲ್ಲರ ಚೀಲವೂ ಖಾಲಿ ಕಾಣುತ್ತದೆ. ಮೇಲಾಗಿ ಇಂಟರ್ನೆಟ್ಟಿಗೆ ತೆರೆದ ಸರ್ವರಿನಲ್ಲಿ ಯಾರು ಯಾರ ಹೆಸರಲ್ಲಿ ಬೇಕಾದರೂ ಬರಬಹುದು.

ಬಾಕಿ ಇರುವುದು ಸಿಡಿಲಿನ ವಿಷಯ. ಅಟ್ಟದಿಂದ ಇಳಿದ ಎತರ್ನೆಟ್ ತಾಮ್ರದ ತಂತಿ. ಮುಂಗಾರು ಹಿಡಿಯುವ ಮುಂಚಿನ ಗುಡುಗಿಗೆ ಅದರ ಎರಡೂ ತುದಿಯ ಸಾಮಾನು ಸುಟ್ಟುಹೋಗಬಹುದು. ಎತರ್ನೆಟ್ ಸರ್ಜ್ ಪ್ರೊಟೆಕ್ಟರ್ ತರಿಸಿದ್ದೇನೆ. ಆದರೆ ಅದಕ್ಕೆ ಒಳ್ಳೆಯ ಅರ್ಥ್ ಬೇಕು, ಮನೆಯ ಹಳೆಯ ಅರ್ಥಿಂಗ್ ನಂಬುವ ಹಾಗಿಲ್ಲ. ಕೊಟ್ಟಿಗೆ ಪಕ್ಕ ಹೊಸ ಗುಂಡಿ ತೆಗೆಸುತ್ತೇನೆ ಅಂತ ಭಾವ ಹೇಳಿದ್ದಾರೆ. ಅಲ್ಲಿಯ ತನಕ ಗುಡುಗು ಕೇಳಿದ ಕೂಡಲೇ ಎತರ್ನೆಟ್ಟನ್ನೂ ಅಡಾಪ್ಟರನ್ನೂ ಕಿತ್ತಿಡುವುದು ಚಿಕ್ಕವನ ಜವಾಬ್ದಾರಿ, ಕೀಳುವ ಮೊದಲು ಸರ್ವರ್ ಕಿಟಕಿಯಲ್ಲಿ 'ಸ್ಟಾಪ್' ಅಂತ ಟೈಪ್ ಮಾಡುವುದು ದೊಡ್ಡವನದು.